ನೆರೆ ಇಳಿದ ಮೇಲೆ: ವಿಮೆಯ ಹಕ್ಕೂ ಕಾನೂನಿನ ಆಸರೆಯೂ

ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬುದು ಹಿರಿಯರ ಅನುಭವದ ಮಾತು. ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರವು ಜಲಮಯವಾಯಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ಕರಾವಳಿ ಕರ್ನಾಟಕವನ್ನು ಪೀಡಿಸಿ, 17ರಂದು ಈ ನಗರದ ಮಗ್ಗುಲಲ್ಲೇ ಹಾದುಹೋದಾಗ ಕೊಲಾಬಾದಲ್ಲಿ ಗಾಳಿಯ ವೇಗ ಗಂಟೆಗೆ 114 ಕಿಲೋಮೀಟರ್ ಮುಟ್ಟಿತ್ತು. ಮಾಟುಂಗದ ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಮುಂತಾದ ತಗ್ಗು ಪ್ರದೇಶಗಳಲ್ಲಿ ಅಂಗಡಿ ಮನೆಗಳಿಗೆ ನೀರು ನುಗ್ಗಿದ ಮಳೆಗಾಲಗಳನ್ನು ಕಂಡವರು ಅನೇಕರಿದ್ದಾರೆ. ನೀರೇನೋ ಇಳಿಯುತ್ತದೆ, ನಷ್ಟದ ಹನಿ ಮಾತ್ರ ವರ್ಷಗಟ್ಟಲೆ ತೊಟ್ಟಿಕ್ಕುತ್ತಿರುತ್ತದೆ.

ವಿಮೆಯು ದಾನವಲ್ಲ, ಹಣ ಪಡೆದು ಬರೆದುಕೊಟ್ಟ ಕರಾರು. ಆದರೂ ಅರ್ಜಿ ತಿರಸ್ಕೃತವಾದೊಡನೆ ಅಥವಾ ಕೇಳಿದ್ದರ ಕಾಲುಭಾಗ ಕೈಗೆ ಬಂದೊಡನೆ, "ಹೋಗಲಿ ಬಿಡಿ, ಕೋರ್ಟು ಕಚೇರಿ ಯಾರಿಗೆ ಬೇಕು?" ಎಂದು ಸುಮ್ಮನಾಗುವವರೇ ನಮ್ಮಲ್ಲಿ ಹೆಚ್ಚು. ಸೌಜನ್ಯವು ಸದ್ಗುಣವೇ ಸರಿ. ಆದರೆ ಹಕ್ಕನ್ನು ಕೈಬಿಡುವುದು ಸೌಜನ್ಯವಲ್ಲ. ಕಾನೂನಿನ ನೆರವು ಶ್ರೀಮಂತರಿಗೆ ಮಾತ್ರ ದಕ್ಕುವಂಥದೆಂಬ ಭಾವನೆಯೂ ಸರಿಯಲ್ಲ.

ಮೊದಲು ಅರಿಯಬೇಕಾದುದು ಪಾಲಿಸಿಯ ಒಡಲನ್ನು. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ಚಂಡಮಾರುತ, ಬಿರುಗಾಳಿ, ನೆರೆಗಳಿಂದಾದ ಹಾನಿ ಸೇರಿದೆ. ಹೌಸಿಂಗ್ ಸೊಸೈಟಿಯು ಕಟ್ಟಡಕ್ಕೆ ಮಾಡಿಸಿದ ವಿಮೆಯಲ್ಲಿ ಮನೆಯೊಳಗಿನ ಸಾಮಾನು ಸಾಮಾನ್ಯವಾಗಿ ಸೇರಿರುವುದಿಲ್ಲ. ಸಾಲದ ಮನೆಯಾದರೆ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇರುವುದುಂಟು. ಆಗ ಪರಿಹಾರದ ಹಣ ಬ್ಯಾಂಕಿನ ಮೂಲಕವೇ ಬರುತ್ತದೆ. ಇವನ್ನೆಲ್ಲ ಮಳೆಗಾಲಕ್ಕೆ ಮುನ್ನವೇ ಓದಿಡಬೇಕು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವೇನು?

ಹಾನಿಯಾದ ಕೂಡಲೇ ವಿಮಾ ಕಂಪೆನಿಗೆ ಲಿಖಿತ ಸೂಚನೆ ಕೊಡಬೇಕು. ಕೆಸರು ತೊಳೆಯುವ ಮುನ್ನ ಛಾಯಾಚಿತ್ರ ತೆಗೆಯಬೇಕು. ಕೆಟ್ಟ ಸಾಮಾನಿನ ಪಟ್ಟಿ, ರಸೀದಿಗಳನ್ನು ಜೋಡಿಸಿ ಸರ್ವೇಯರ್ ಬರುವವರೆಗೆ ಅವನ್ನು ಎಸೆಯದೆ ಕಾಯಬೇಕು. ಸರ್ವೇಯರರ ವರದಿಯ ಪ್ರತಿಯನ್ನು ಕೇಳಿ ಪಡೆಯಬೇಕು. ಆ ವರದಿಯೇ ಅಂತಿಮವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಹೇಳಿದೆ. 'ಪೂರ್ಣ ಪಾವತಿ' ಎಂಬ ಕಾಗದಕ್ಕೆ ರುಜು ಹಾಕಿದವರೂ ಹತಾಶರಾಗಬೇಕಾಗಿಲ್ಲ. ವಂಚನೆಯಿಂದಲೋ ಬಲವಂತದಿಂದಲೋ ಪಡೆದ ರುಜುವು ಗ್ರಾಹಕನ ಬಾಯಿ ಕಟ್ಟಲಾರದೆಂದು ಅದೇ ನ್ಯಾಯಾಲಯವು 1999ರಲ್ಲೇ ತೀರ್ಪಿತ್ತಿದೆ. ಆದರೆ ಬಲವಂತವನ್ನು ಸಿದ್ಧಪಡಿಸುವ ಹೊಣೆ ಗ್ರಾಹಕನದೇ. ಆದ್ದರಿಂದ ಆಕ್ಷೇಪವನ್ನು ತಡಮಾಡದೆ ಬರವಣಿಗೆಯಲ್ಲಿ ತಿಳಿಸುವುದು ಕ್ಷೇಮ.

ಕಂಪೆನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ನರಲ್ಲಿ ಮೊರೆಯಿಡಬಹುದು. ಅವರ ಕಚೇರಿ ಮುಂಬಯಿಯಲ್ಲೇ ಇದೆ. ಅಲ್ಲಿ ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವೂ ಇಲ್ಲ. ಗ್ರಾಹಕನೇ ತನ್ನ ಅಹವಾಲನ್ನು ಹೇಳಿಕೊಳ್ಳಬೇಕು. ಮನೆಯ ವಿಮೆಯಲ್ಲದೆ ಒಬ್ಬನೇ ಒಡೆಯನಿರುವ ಅಂಗಡಿಯ ವಿಮೆಯೂ ಅವರ ವ್ಯಾಪ್ತಿಗೆ ಒಳಪಡುತ್ತದೆ. ತೀರ್ಪು ಕಂಪೆನಿಯನ್ನು ಬಂಧಿಸುತ್ತದೆ. ಒಪ್ಪಿಗೆಯಾಗದ ಗ್ರಾಹಕನಿಗೆ ಮುಂದಿನ ದಾರಿ ತೆರೆದೇ ಇರುತ್ತದೆ.

ಆ ದಾರಿಯೇ ಗ್ರಾಹಕರ ಆಯೋಗ. ಎರಡು ವರ್ಷದೊಳಗೆ ಅಲ್ಲಿ ದೂರು ಸಲ್ಲಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರುದಾರನು ವಾಸಿಸುವ ಸ್ಥಳದಲ್ಲೇ ದೂರು ದಾಖಲಿಸಬಹುದು. ಉಡುಪಿಯ ಕಡೆಯ ಹಿರಿಯರ ಮನೆಯ ಹಂಚು ಹಾರಿಹೋದರೆ, ಮಾಟುಂಗದಲ್ಲಿರುವ ಮಗನು ತನ್ನ ಹೆಸರಿನ ಪಾಲಿಸಿಗಾಗಿ ಊರಿಗೆ ಅಲೆಯಬೇಕಾಗಿಲ್ಲ. ಕೊಟ್ಟ ಪ್ರೀಮಿಯಂ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.

ವಕೀಲರು ಬೇಕೇ ಬೇಕೆಂದಾಗ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯನ್ನು ನೆನೆಯಬೇಕು. ಅದರ 12ನೆಯ ಪ್ರಕರಣದಂತೆ ಸ್ತ್ರೀಯರಷ್ಟೇ ಅಲ್ಲ, ನೆರೆಯಂತಹ ವಿಪತ್ತಿಗೆ ಸಿಲುಕಿ ಸಂಕಷ್ಟಕ್ಕೊಳಗಾದವರೂ ಉಚಿತ ನೆರವಿಗೆ ಅರ್ಹರು. ಮೊಕದ್ದಮೆಯಲ್ಲಿ ಮೇಲುನೋಟಕ್ಕೆ ಹುರುಳಿರಬೇಕು, ಅಷ್ಟೆ. ಅಮೆರಿಕದಲ್ಲಿ ಚಂಡಮಾರುತದ ಬಳಿಕ ಪರಿಹಾರದಲ್ಲಿ ಪಾಲು ಪಡೆಯುವ ಕರಾರಿನ ಮೇಲೆ ವಕೀಲರು ಮೊಕದ್ದಮೆ ನಡೆಸುವುದುಂಟು. ನಮ್ಮ ದೇಶದಲ್ಲಿ ವಕೀಲರ ಪರಿಷತ್ತಿನ ನಿಯಮಗಳು ಅದಕ್ಕೆ ಆಸ್ಪದ ಕೊಡವು. ಆದುದರಿಂದ "ಹಣ ಬಂದರೆ ಇಷ್ಟು ಪಾಲು ಕೊಡಿ" ಎಂದು ಬಾಗಿಲಿಗೆ ಬರುವವರ ಬಗೆಗೆ ಎಚ್ಚರ ಅಗತ್ಯ.

ಇಲ್ಲಿ ಕನ್ನಡ ಸಂಘಗಳ ಹೊಣೆಯೂ ಇದೆ. ಆರೋಗ್ಯ ಶಿಬಿರಗಳನ್ನು ಏರ್ಪಡಿಸುವ ಸಂಘಗಳು ಮೇ ತಿಂಗಳಲ್ಲಿ ಒಂದು ಭಾನುವಾರ ಪಾಲಿಸಿ ಓದಿಸುವ ಶಿಬಿರವನ್ನೂ ನಡೆಸಬಾರದೇಕೆ? ನಿವೃತ್ತ ವಿಮಾ ನೌಕರರು, ಬ್ಯಾಂಕಿನವರು, ವಕೀಲರು ನಮ್ಮಲ್ಲಿ ಸಾಕಷ್ಟಿದ್ದಾರೆ. ಪಾಲಿಸಿಯ ಇಂಗ್ಲಿಷ್ ಅರ್ಥವಾಗದ ವೃದ್ಧ ದಂಪತಿಗಳಿಗೆ, ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಆಯುಷ್ಯ ಸವೆಸಿದ ಹಿರಿಯರಿಗೆ ಒಂದು ಅರ್ಜಿ ಬರೆದುಕೊಡುವುದು ನಾಡುನುಡಿಯ ಸೇವೆಗೆ ಯಾವ ರೀತಿಯಲ್ಲೂ ಕಡಿಮೆಯಾದುದಲ್ಲ. ಪರವೂರಿನಲ್ಲಿ ಪೈಸೆ ಪೈಸೆ ಕೂಡಿಸಿ ಕಟ್ಟಿದ ಮನೆಯನ್ನು ಮಳೆಯು ಕೆಡಿಸಬಹುದು. ಅದರ ಪರಿಹಾರವನ್ನು ನಮ್ಮ ಮೌನವೇ ಕಳೆಯದಿರಲಿ.