ಪ್ರಶ್ನೆ ಕೇಳಿದ ಗೃಹಿಣಿ

ಔರಾದಿನಿಂದ ಈ ಪುಟಗಳ ಓದುಗರಾದ ತಾಯಿಯೊಬ್ಬರು ನಮಗೆ ಪತ್ರ ಬರೆದಿರುವರು. ಅವರ ಮಗಳು ಬೀದರಿನಲ್ಲಿ ಕಾಲೇಜು ಓದುತ್ತಿರುವಳು. ಆಕೆಗೆ ಅಮೇರಿಕದ ಆದಿಕಾಲದ ಸಾಹಿತ್ಯವು ಪಠ್ಯವಾಗಿರುವುದಂತೆ. “ಕಥೆಯಿಲ್ಲ, ನಾಟಕವಿಲ್ಲ, ಪಾದ್ರಿಗಳ ಉಪದೇಶ, ದಿನಚರಿ, ನ್ಯಾಯಸ್ಥಾನದ ವಿಚಾರಣೆ, ಇವೇ ಇವೆ. ಇದೂ ಸಾಹಿತ್ಯವೇ? ಮನೆವಾರ್ತೆಯಲ್ಲಿರುವ ನಮ್ಮಂಥವರಿಗೆ ಇದರಲ್ಲಿ ಏನಿದೆ?” ಎಂದು ಕೇಳಿರುವರು. ಮನೆವಾರ್ತೆಯವರಿಗೇ ಇದರಲ್ಲಿ ಹೆಚ್ಚಿನ ವಿಷಯವಿರುವುದೆಂದು ನಮ್ಮ ಉತ್ತರ.

ಅಮೇರಿಕದ ಧರ್ಮವೆಂದೊಡನೆ ಬೀದರ ಪಟ್ಟಣದವರಿಗೆ ಮೆಥೊಡಿಸ್ಟ್ ಮಿಶನ್ನಿನ ಶಾಲೆ, ಆಸ್ಪತ್ರೆಗಳು ನೆನಪಾಗುವುದು ಸಹಜ. ನಾವು ಹೇಳಲಿರುವವರು ಅವರಿಗಿಂತ ಬಹು ಹಿಂದಿನವರು, ಬೇರೆ ಪಂಥದವರು. 1630ರಲ್ಲಿ ಜಾನ್ ವಿಂಥ್ರಪ್ ಎಂಬವನ ನಾಯಕತ್ವದಲ್ಲಿ ಇಂಗ್ಲೆಂಡಿನಿಂದ ಹಡಗೇರಿ ಹೋಗಿ ಬಾಸ್ಟನ್ ನಗರವನ್ನು ಕಟ್ಟಿದ ಈ ಜನರಿಗೆ ಪ್ಯೂರಿಟನ್ನರೆಂದು ಹೆಸರು, ಶುದ್ಧಾಚಾರಿಗಳೆನ್ನಬಹುದು. ಮೂರ್ತಿ, ಚಿತ್ರ, ಹಬ್ಬದ ಆಡಂಬರ, ಯಾವುದೂ ಅವರಿಗೆ ಸಲ್ಲದು. ದೇವರ ವಾಕ್ಯವು ಗ್ರಂಥದಲ್ಲಿದೆ; ಆದುದರಿಂದ ಗಂಡಾಗಲಿ ಹೆಣ್ಣಾಗಲಿ ಅದನ್ನು ತಮ್ಮ ನುಡಿಯಲ್ಲಿ ತಾವೇ ಓದತಕ್ಕದ್ದೆಂದು ಅವರ ಮತ. 1640ರಲ್ಲಿ ಅಲ್ಲಿ ಅಚ್ಚಾದ ಮೊದಲನೆಯ ಪುಸ್ತಕವು ದಾವೀದನ ಕೀರ್ತನೆಗಳ ಇಂಗ್ಲಿಷ್ ಪದ್ಯರೂಪ. 1647ರಲ್ಲಿ, ಐವತ್ತು ಮನೆಗಳಿರುವ ಪ್ರತಿಯೊಂದು ಊರೂ ಓದುಬರಹ ಕಲಿಸುವ ಉಪಾಧ್ಯಾಯನೊಬ್ಬನನ್ನು ಇಡಲೇಬೇಕೆಂದು ಶಾಸನ ಮಾಡಿದರು. ಜನರು ಧರ್ಮಗ್ರಂಥವನ್ನು ಅರಿಯದಂತೆ ಮಾಡುವುದೇ ಸೈತಾನನ ಉಪಾಯವೆಂದು ಆ ಶಾಸನವೇ ಕಾರಣ ಕೊಡುತ್ತದೆ!

ತಮ್ಮ ನುಡಿಯಲ್ಲಿ ಓದುವುದರ ಬೆಲೆಯನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಾದುದಿಲ್ಲ. ನಿಜಾಮರ ಆಳಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ಇತ್ತೀಚಿನವರೆಗೂ ಔರಾದ ತಾಲ್ಲೂಕಿಗೆ ಸೇರಿದ್ದ ಕಮಲನಗರವೇ ಅವರ ಹುಟ್ಟೂರು. ಬೀದರಿನಲ್ಲಿ 1472ರಲ್ಲಿ ಮಹಮೂದ್ ಗಾವಾನನು ಕಟ್ಟಿಸಿದ ಮದರಸಾ ವಿದ್ವಾಂಸರಿಗಾಗಿ. ಪಟ್ಟದ್ದೇವರ ಶಾಲೆ ಒಕ್ಕಲಿನ ಮಕ್ಕಳಿಗಾಗಿ. ಪ್ಯೂರಿಟನ್ನರ ಊರಶಾಲೆಯು ಈ ಎರಡನೆಯ ಬಗೆಯದು.

ಆದರೆ ಓದಲು ಕಲಿತವರು ಪ್ರಶ್ನೆ ಕೇಳಬಲ್ಲರೆಂಬುದು ಆ ಶಾಸನಕ್ಕೆ ಹತ್ತು ವರ್ಷ ಮುಂಚೆಯೇ ಅವರಿಗೆ ತಿಳಿದುಹೋಗಿತ್ತು. 1634ರಲ್ಲಿ ಗಂಡ ಮಕ್ಕಳೊಡನೆ ಬಾಸ್ಟನ್ನಿಗೆ ಬಂದ ಆನ್ ಹಚಿನ್ಸನ್ ಎಂಬ ಗೃಹಿಣಿಯು ಹೆರಿಗೆಯ ಮನೆಗಳಿಗೆ ಹೋಗಿ ಬಾಣಂತಿಯರಿಗೆ ನೆರವಾಗುತ್ತಿದ್ದಳು. ತನ್ನ ಮನೆಯಲ್ಲಿ ನೆರೆಯ ಹೆಂಗಸರನ್ನು ಕೂಡಿಸಿ, ಪಾದ್ರಿಯು ಮಾಡಿದ ಉಪದೇಶವನ್ನು ಮತ್ತೆ ಎತ್ತಿಕೊಂಡು ವಿಮರ್ಶಿಸುತ್ತಿದ್ದಳು. ಕ್ರಮೇಣ ಗಂಡಸರೂ ಬರತೊಡಗಿದರು. ಕೆಲಕಾಲ ರಾಜ್ಯಪಾಲನಾಗಿದ್ದ ಹೆನ್ರಿ ವೇನ್ ಸಹ ಬಂದನು. ಹೊರಗಿನ ನಡತೆ ಚೊಕ್ಕಟವಾಗಿದ್ದ ಮಾತ್ರದಿಂದ ಮುಕ್ತಿಯು ಸಿದ್ಧವೆನ್ನಲಾಗದು. ಅದು ಅನುಗ್ರಹದಿಂದ ಬರತಕ್ಕದ್ದು, ಅದರ ಸಾಕ್ಷಿಯು ಅಂತರಂಗದಲ್ಲಿ ಎಂಬುದು ಆಕೆಯ ಮಾತಿನ ಸಾರ. ಊರಿನ ಹೆಚ್ಚಿನ ಪಾದ್ರಿಗಳು ಆಚಾರವನ್ನೇ ಬೋಧಿಸುವರೆಂದೂ ಆಕೆ ಹೇಳಿದಳು. ಇದನ್ನು ಅವರು ಸಹಿಸಲಿಲ್ಲ.

1637ರ ನವೆಂಬರಿನಲ್ಲಿ ವಿಚಾರಣೆ ನಡೆಯಿತು. ದೂರು ಹೇಳುವವನೂ ವಿಂಥ್ರಪನೇ, ತೀರ್ಪು ಕೊಡುವವನೂ ಅವನೇ. ಇಂಥ ಕೂಟಗಳು ಸ್ತ್ರೀಜಾತಿಗೆ ತಕ್ಕುವಲ್ಲವೆಂದು ಅವನು ಆಕ್ಷೇಪಿಸಲು, ಹಿರಿಯ ಹೆಂಗಸರು ಕಿರಿಯರಿಗೆ ಬೋಧಿಸಬೇಕೆಂಬ ಗ್ರಂಥವಾಕ್ಯವನ್ನೇ ಆಕೆ ಎದುರಿಗಿಟ್ಟಳು. ಕಡೆಗೆ, ದೇವರು ತನಗೆ ನೇರವಾಗಿ ತಿಳಿಸುವನೆಂದು ನುಡಿದಳು. ನ್ಯಾಯಸ್ಥಾನಕ್ಕೆ ಅಷ್ಟು ಸಾಕಾಯಿತು. ಗಡೀಪಾರಿನ ಆಜ್ಞೆಯಾಯಿತು, 1638ರಲ್ಲಿ ಸಭೆಯಿಂದಲೂ ಬಹಿಷ್ಕಾರವಾಯಿತು. ಗಂಡನು ಆಕೆಯ ಕೈಬಿಡಲಿಲ್ಲ. ಇಬ್ಬರೂ ರೋಡ್ ಐಲೆಂಡ್ ಸೀಮೆಗೆ ಹೋದರು. ಈ ವಿಚಾರಣೆಯ ಪ್ರಶ್ನೋತ್ತರಗಳನ್ನು 1767ರಲ್ಲಿ ತನ್ನ ಇತಿಹಾಸಗ್ರಂಥದಲ್ಲಿ ಅಚ್ಚು ಮಾಡಿಸಿದವನು ಆಕೆಯ ಮರಿಮಗನ ಮಗ ಥಾಮಸ್ ಹಚಿನ್ಸನ್. ಯಾವ ನಾಟಕಕ್ಕೂ ಕಡಿಮೆಯಲ್ಲದ ಓದು ಅದು. ಇಷ್ಟು ಕಂಡ ಮೇಲೂ ಆ ಜನರು ಶಾಲೆಯನ್ನು ಕಡ್ಡಾಯ ಮಾಡಿದರು. ಅದು ಅವರಿಗೆ ಸಲ್ಲತಕ್ಕ ಹೊಗಳಿಕೆ.

ಬೃಹದಾರಣ್ಯಕದಲ್ಲಿ ಗಾರ್ಗಿಯನ್ನು ಯಾಜ್ಞವಲ್ಕ್ಯನು, ಅತಿಯಾಗಿ ಪ್ರಶ್ನಿಸಿದರೆ ತಲೆ ಉದುರೀತೆಂದು ತಡೆದನಷ್ಟೆ. ಆದರೂ ಆಕೆ ಅದೇ ಸಭೆಯಲ್ಲಿ ಮತ್ತೆ ಎದ್ದು ಎರಡು ಪ್ರಶ್ನೆ ಕೇಳಿದಳು; ಯಾರೂ ಹೊರಗೆ ಅಟ್ಟಲಿಲ್ಲ. (ಗಾರ್ಗಿಯ ಹೆಸರನ್ನು ಹಾಡಿ ಹೊಗಳುತ್ತಲೇ ಮನೆಯ ಹೆಣ್ಣುಮಕ್ಕಳಿಗೆ ವೇದದ ಬಾಗಿಲನ್ನು ಮುಚ್ಚಿದ ಪಂಡಿತರನ್ನೂ ನಾವು ಬಲ್ಲೆವು.) ನಮ್ಮ ಜಿಲ್ಲೆಯ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ನಡೆದುದು ಇನ್ನೂ ಮೇಲು. ಗಂಡ ಮಾರಯ್ಯನು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆಯ್ದಕ್ಕಿ ಲಕ್ಕಮ್ಮನು ಇದು ಆಸೆಯೆಂದು ಗದರಿಸಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿದಳೆಂದು ಪ್ರಸಿದ್ಧಿ. ಶರಣಸಂಪ್ರದಾಯವು ಆಕೆಯ ಬಾಯನ್ನು ಕಟ್ಟಲಿಲ್ಲ. ಆಕೆಯ ವಚನಗಳನ್ನು ಕಾಪಿಟ್ಟಿತು.

ಹಚಿನ್ಸನಳ ವಿಚಾರಣೆಗೆ ಕುಳಿತವರಲ್ಲಿ ಥಾಮಸ್ ಡಡ್ಲಿ, ಆತನ ಅಳಿಯ ಸೈಮನ್ ಬ್ರಾಡ್‌ಸ್ಟ್ರೀಟ್ ಇಬ್ಬರೂ ಇದ್ದರು. ಡಡ್ಲಿಯ ಮಗಳು ಆನ್ ಬ್ರಾಡ್‌ಸ್ಟ್ರೀಟಳೇ ಆ ಸೀಮೆಯಿಂದ ಪುಸ್ತಕ ಪ್ರಕಟವಾದ ಮೊದಲ ಕವಿ! ಎಂಟು ಮಕ್ಕಳ ತಾಯಿ. ಆಕೆಗೆ ತಿಳಿಸದೆ ಬಂಧುವೊಬ್ಬನು ಹಸ್ತಪ್ರತಿಯನ್ನು ಒಯ್ದು 1650ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದನು. ಈ ಪದ್ಯಗಳನ್ನು ನಿದ್ರೆಯ ವೇಳೆಯನ್ನು ಕಡಿಮೆ ಮಾಡಿಕೊಂಡು ಬರೆದುದೆಂದು ಮುನ್ನುಡಿಯಲ್ಲಿ ಭರವಸೆ ಕೊಟ್ಟಿದೆ. ಗಂಡಸಿನ ಕಾವ್ಯಕ್ಕೆ ಇಂಥ ಮುಚ್ಚಳಿಕೆಯನ್ನು ಯಾರಾದರೂ ಕೇಳಿದುದನ್ನು ನಾವು ಕಾಣೆವು.

ಅಂತರಂಗದ ಸಾಕ್ಷಿಯ ಮಾತು ಎರಡು ಶತಮಾನಗಳ ಮೇಲೆ ಅಲ್ಲಿಯೇ ಮತ್ತೆ ಕೇಳಿಬಂದಿತು. 1832ರಲ್ಲಿ ಪಾದ್ರಿಯ ಪದವಿಯನ್ನು ಬಿಟ್ಟ ಎಮರ್ಸನ್ನನು 1838ರಲ್ಲಿ ಹಾರ್ವರ್ಡಿನ ಧರ್ಮವಿದ್ಯಾರ್ಥಿಗಳಿಗೆ ಅದನ್ನೇ ಬೋಧಿಸಲು, ಸುಮಾರು ಮೂವತ್ತು ವರ್ಷ ಆ ವಿದ್ಯಾಲಯವು ಅವನನ್ನು ಕರೆಯಲಿಲ್ಲ. ಗೀತೆಯನ್ನು ಭಾಷಾಂತರದಲ್ಲಿ ಓದಿ ‘ಬ್ರಹ್ಮ’ ಎಂಬ ಪದ್ಯವನ್ನು 1857ರಲ್ಲಿ ಪ್ರಕಟಿಸಿದವನು ಇವನೇ. ಆದರೆ ನಮ್ಮ ಓದುಗರಾದ ತಾಯಿಯವರು ಗಮನಿಸಬೇಕಾದುದು ಅವನ ಗೆಳತಿ ಮಾರ್ಗರೆಟ್ ಫುಲ್ಲರಳನ್ನು. 1839ರಲ್ಲಿ, ಅದೇ ಬಾಸ್ಟನ್ನಿನಲ್ಲಿ, ಆಕೆ ಹೆಂಗಸರಿಗಾಗಿಯೇ ವಿಚಾರಗೋಷ್ಠಿಗಳನ್ನು ಏರ್ಪಡಿಸಿದಳು. ಗೃಹಿಣಿಯರು ಹಣ ತೆತ್ತು ಬಂದು ಕುಳಿತರು. ಈ ಸಾರಿ ಯಾರಿಗೂ ಗಡೀಪಾರಾಗಲಿಲ್ಲ. ಹಚಿನ್ಸನಳ ಮೇಲಿನ ಹಳೆಯ ಆಜ್ಞೆಯನ್ನು ಮ್ಯಾಸಚುಸೆಟ್ಸಿನ ರಾಜ್ಯಪಾಲನಾಗಿದ್ದ ಮೈಕೇಲ್ ಡುಕಾಕಿಸನು ರದ್ದುಪಡಿಸಿದುದು 1987ರಲ್ಲಿ.