ಸೂಕ್ಷ್ಮ ಚರ್ಮಕ್ಕೆ ಕ್ಷೌರವೇ ಲೇಸು

ಮದುವೆಯ ಹಂಗಾಮು ಬಂದಿತೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಪಟ್ಟಣಗಳ ಬ್ಯೂಟಿ ಪಾರ್ಲರುಗಳಲ್ಲಿ ಕುಳಿತುಕೊಳ್ಳಲು ಸ್ಥಳವಿರುವುದಿಲ್ಲ. ಮದುಮಗಳಷ್ಟೇ ಅಲ್ಲ, ಅವಳ ಅಕ್ಕತಂಗಿಯರು, ಗೆಳತಿಯರು, ಕೆಲವೊಮ್ಮೆ ತಾಯಂದಿರೂ ಕೈಕಾಲು, ಮುಖಗಳ ಕೂದಲು ತೆಗೆಸಿಕೊಳ್ಳಲು ಅಲ್ಲಿಗೆ ಹೋಗುತ್ತಾರೆ. ಹೆಚ್ಚಿನವರಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಸೂಕ್ಷ್ಮ ಚರ್ಮದವರ ಪಾಡು ಬೇರೆ. ಅರಿಸಿನ ಶಾಸ್ತ್ರದ ದಿನ ಮುಖ ಕೆಂಪೇರಿ, ಧಾರೆಯ ದಿನ ಗುಳ್ಳೆಗಳೆದ್ದು, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿದುಬಿಡುತ್ತದೆ. ನಮ್ಮಂತಹ ಗೋಧಿ ಬಣ್ಣದ, ಎಣ್ಣೆಗಪ್ಪಿನ ಚರ್ಮದ ಸ್ವಭಾವವೇ ಅದು. ಉರಿ ಎರಡು ದಿನದಲ್ಲಿ ಆರಿದರೂ ಅದರ ಗುರುತು ಬೇಗನೆ ಮಾಸುವುದಿಲ್ಲ.

ಮಠದ ಪತ್ರಿಕೆಯಲ್ಲಿ ಕೂದಲು ತೆಗೆಯುವ ವಿಚಾರವೇ ಎಂದು ಹಿರಿಯರು ಕೇಳಬಹುದು. ಮನೆಯಲ್ಲಿ ಯಾರೂ ಮಾತನಾಡದ ವಿಷಯವಾದ್ದರಿಂದಲೇ ಇಲ್ಲಿ ಬರೆಯಬೇಕಾಗಿದೆ. ತಾಯಿಯನ್ನು ಕೇಳಲು ನಾಚುವ ಹುಡುಗಿ ಅಂಗಡಿಯವನನ್ನು ಕೇಳುತ್ತಾಳೆ, ಇಲ್ಲವೇ ಮೊಬೈಲಿನಲ್ಲಿ ನೋಡಿ ಕಲಿಯುತ್ತಾಳೆ. ಇಬ್ಬರೂ ಅವಳ ಚರ್ಮವನ್ನು ಕಂಡವರಲ್ಲ. ದೇಹದ ಮೇಲಿನ ಕೂದಲನ್ನು ತೆಗೆಯಲೇಬೇಕೆಂದು ನಾನು ಹೇಳುತ್ತಿಲ್ಲ. ಅದು ಕೊಳೆಯಲ್ಲ, ರೋಗವೂ ಅಲ್ಲ. ತೆಗೆಯದೆ ಇದ್ದರೆ ಆರೋಗ್ಯಕ್ಕೆ ಯಾವ ಕೊರತೆಯೂ ಇಲ್ಲ. ತೆಗೆಯಬೇಕೆಂದು ಮನಸ್ಸು ಮಾಡಿದವರು ಚರ್ಮಕ್ಕೆ ಕನಿಷ್ಠ ಪೆಟ್ಟು ಬೀಳುವ ಮಾರ್ಗವನ್ನು ಹಿಡಿಯಲಿ ಎಂಬುದಷ್ಟೇ ನನ್ನ ವಾದ. ಆ ಮಾರ್ಗವು ಬಹುತೇಕರು ಹೆದರಿ ದೂರವಿಟ್ಟಿರುವ ಸಾಧಾರಣ ಕ್ಷೌರವೇ ಆಗಿದೆ.

ಸೂಕ್ಷ್ಮ ಚರ್ಮವೆಂದರೆ ಪಟ್ಟಣದ ನಾಜೂಕಿನವರ ಚರ್ಮವೆಂದು ಭಾವಿಸಬಾರದು. ನಮ್ಮ ಭಾಗದ ರೈತರಲ್ಲಿ ಇದು ಬೇಕಾದಷ್ಟಿದೆ. ಕಾಂಗ್ರೆಸ್ ಗಿಡವೆಂದು ನಾವು ಕರೆಯುವ ಪಾರ್ಥೇನಿಯಂ ಕಳೆಯ ಒಣ ಚೂರುಗಳು ಗಾಳಿಯಲ್ಲಿ ತೇಲಿಬಂದು ಕಣ್ಣುರೆಪ್ಪೆ, ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ಇಸುಬನ್ನು ಉಂಟುಮಾಡುತ್ತವೆ. ಒಮ್ಮೆ ಈ ಅಲರ್ಜಿ ಅಂಟಿಕೊಂಡಿತೆಂದರೆ ವರ್ಷಗಟ್ಟಲೆ ಕಾಡುತ್ತದೆ. ಗಾರೆ ಕೆಲಸದವರ ಕೈಗಳನ್ನು ಸಿಮೆಂಟಿನಲ್ಲಿರುವ ಕ್ರೋಮಿಯಂ ಕೆಡಿಸುತ್ತದೆ. ತಲೆಗೆ ಹಚ್ಚುವ ಕಪ್ಪು ಬಣ್ಣದಿಂದ ಹಣೆ, ಕಿವಿಗಳ ಸುತ್ತ ತುರಿಕೆ ಏಳುವವರೂ ಇದ್ದಾರೆ. ಹುಟ್ಟಿನಿಂದಲೇ ಒಣ ಚರ್ಮವಿದ್ದು, ಮನೆಯಲ್ಲಿ ಉಬ್ಬಸ, ನೆಗಡಿಗಳ ಇತಿಹಾಸವಿರುವ ಮಕ್ಕಳು ಬೇರೆ. ಇವರೆಲ್ಲರ ಚರ್ಮದ ಹೊರಗೋಡೆ ಮೊದಲೇ ಸಡಿಲವಾಗಿರುತ್ತದೆ. ಅದನ್ನು ಕೆರೆಯುವುದು, ಕೀಳುವುದು, ಕ್ಷಾರ ಸವರುವುದು ಎಲ್ಲವೂ ಇತರರಿಗಿಂತ ಇವರಿಗೆ ಹೆಚ್ಚು ತಟ್ಟುತ್ತವೆ. ಇಸುಬು ಕೆರಳಿರುವ ದಿನಗಳಲ್ಲಿ ಯಾವ ವಿಧಾನವೂ ಬೇಡ. ಮೊದಲು ಅದು ಆರಬೇಕು.

ಕ್ಷೌರಕ್ಕೆ ಹೆಣ್ಣುಮಕ್ಕಳು ಹೆದರುವುದೇಕೆ? ಬ್ಲೇಡು ತಾಗಿಸಿದರೆ ಕೂದಲು ದಪ್ಪಗಾಗಿ, ಒತ್ತಾಗಿ, ಗಂಡಸರ ಗಡ್ಡದಂತೆ ಬೆಳೆಯುತ್ತದೆಂಬ ಮಾತು ಮನೆಮನೆಯಲ್ಲಿದೆ. ಇದು ನಿಜವಲ್ಲ. ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ ಎಂಬ ಮಹಿಳೆ 1928ರಲ್ಲಿಯೇ ಇದನ್ನು ಅಳೆದು ನೋಡಿ, ಕ್ಷೌರದಿಂದ ಕೂದಲಿನ ಬಣ್ಣವಾಗಲಿ, ದಪ್ಪವಾಗಲಿ, ಬೆಳೆಯುವ ವೇಗವಾಗಲಿ ಬದಲಾಗುವುದಿಲ್ಲವೆಂದು ಪ್ರಕಟಿಸಿದರು. ಅದಾಗಿ ಸುಮಾರು ನೂರು ವರ್ಷಗಳಾದವು. ಮಾತು ಮಾತ್ರ ಹಾಗೆಯೇ ಉಳಿದಿದೆ. ಕೂದಲು ಬೆಳೆಯುವುದು ಚರ್ಮದ ಒಳಗಿನ ಬುಡದಿಂದ. ಮೇಲೆ ಕತ್ತರಿಸಿದ್ದು ಆ ಬುಡಕ್ಕೆ ತಿಳಿಯುವುದೇ ಇಲ್ಲ. ಕತ್ತರಿಸದ ಕೂದಲಿನ ತುದಿ ಮೊನಚಾಗಿದ್ದು ಮೆತ್ತಗಿರುತ್ತದೆ; ಕತ್ತರಿಸಿದ್ದರ ತುದಿ ಮೊಂಡಾಗಿ ಕೈಗೆ ಒರಟೆನಿಸುತ್ತದೆ. ಈ ಒರಟುತನವನ್ನೇ ನಾವು ದಪ್ಪವೆಂದು ತಿಳಿದಿದ್ದೇವೆ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟು ಹೆಣ್ಣುಮಕ್ಕಳು ಸುಲಭದ ದಾರಿ ಬಿಟ್ಟು ಕಷ್ಟದ ದಾರಿ ಹಿಡಿದಿದ್ದಾರೆಂಬುದನ್ನು ನೆನೆದರೆ ವ್ಯಥೆಯಾಗುತ್ತದೆ.

ಕ್ಷೌರದಲ್ಲೂ ಕ್ರಮವಿದೆ. ಸ್ನಾನದ ಕೊನೆಯಲ್ಲಿ, ಬೆಚ್ಚನೆಯ ನೀರಿನಿಂದ ಕೂದಲು ಮೆತ್ತಗಾದ ಮೇಲೆ, ಸುವಾಸನೆಯಿಲ್ಲದ ನೊರೆ ಹಚ್ಚಿ, ಕೂದಲು ಮಲಗಿರುವ ದಿಕ್ಕಿನಲ್ಲಿಯೇ ಹಗುರವಾಗಿ ಎಳೆಯಬೇಕು. ಚರ್ಮವನ್ನು ಬಿಗಿಯಾಗಿ ಹಿಡಿದು, ಎದುರು ದಿಕ್ಕಿನಲ್ಲಿ ಎರಡೆರಡು ಸಲ ಎಳೆದರೆ ನುಣುಪು ಬರುವುದು ನಿಜ. ಆದರೆ ತೀರ ಒಳಗೆ ಕತ್ತರಿಸಿದ ಗುಂಗುರು ಕೂದಲು ಮತ್ತೆ ಬೆಳೆಯುವಾಗ ಚರ್ಮದೊಳಕ್ಕೇ ಚುಚ್ಚಿಕೊಂಡು ಗುಳ್ಳೆಯಾಗುತ್ತದೆ. ಗಡ್ಡದಲ್ಲಿ, ಕತ್ತಿನಲ್ಲಿ ಇಂತಹ ಗುಳ್ಳೆಗಳೇಳುವ ಗಂಡಸರು ಬ್ಲೇಡನ್ನು ಬಿಟ್ಟು ಟ್ರಿಮ್ಮರ್ ಹಿಡಿದು, ಒಂದು ಮಿಲಿಮೀಟರಿನಷ್ಟು ಕೂದಲನ್ನು ಉಳಿಸುವುದು ಒಳ್ಳೆಯದು. ಬಹಳ ಸೂಕ್ಷ್ಮ ಚರ್ಮದ ಹೆಣ್ಣುಮಕ್ಕಳಿಗೂ ಟ್ರಿಮ್ಮರ್ ಬ್ಲೇಡಿಗಿಂತ ಸೌಮ್ಯವಾದುದು. ಅದು ಚರ್ಮವನ್ನು ಕೆರೆಯುವುದೇ ಇಲ್ಲ.

ಕೊಳವೆಬಾವಿಯ ಗಡಸು ನೀರಿನ ಊರುಗಳಲ್ಲಿ ಸೋಪು ನೊರೆ ಬಿಡುವುದಿಲ್ಲ, ಅದರ ಜಿಡ್ಡು ಚರ್ಮದ ಮೇಲೆ ಉಳಿದು ತುರಿಕೆಗೆ ಕಾರಣವಾಗುತ್ತದೆ. ಜಗಳೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರನ್ನು ಕುದಿಸಿ, ಪಾತ್ರೆಯ ತಳದಲ್ಲಿ ಬಿಳಿಯ ಗಸಿ ನಿಂತ ಮೇಲೆ ಮೇಲಿನ ತಿಳಿಯನ್ನು ಬಳಸಿದರೆ ಗಡಸುತನ ಒಂದಿಷ್ಟು ತಗ್ಗುತ್ತದೆ. ಹಿಡಿದಿಟ್ಟ ಮಳೆನೀರಿದ್ದರೆ ಇನ್ನೂ ಮೇಲು. ಕ್ಷೌರದಂಗಡಿಗೆ ಹೋಗುವವರು ಹೊಸ ಬ್ಲೇಡನ್ನು ಕಣ್ಣೆದುರಿಗೇ ಬಿಚ್ಚಿಸಬೇಕು. ಒಬ್ಬರ ರಕ್ತ ತಾಗಿದ ಬ್ಲೇಡಿನಿಂದ ಇನ್ನೊಬ್ಬರಿಗೆ ಕಾಮಾಲೆಯ ಬಿ ಮತ್ತು ಸಿ ವೈರಸ್ಸುಗಳು ಹರಡಬಲ್ಲವು. ಎಲ್ಲರ ಕೆನ್ನೆಗೂ ಉಜ್ಜುವ ಒಂದೇ ಪಟಿಕದ ತುಂಡನ್ನೂ ನಯವಾಗಿಯೇ ಬೇಡವೆನ್ನಬಹುದು. ಸೂಕ್ಷ್ಮ ಚರ್ಮಕ್ಕೆ ಅದೂ ಉರಿ, ಸ್ಪಿರಿಟ್ ಬೆರೆತ ದ್ರಾವಣವೂ ಉರಿ. ತಣ್ಣೀರಿನಲ್ಲಿ ತೊಳೆದು, ಸುವಾಸನೆಯಿಲ್ಲದ ಮುಲಾಮು ತೆಳುವಾಗಿ ಸವರಿದರೆ ಸಾಕು.

ಇನ್ನು ವ್ಯಾಕ್ಸಿಂಗ್. ಕೂದಲು ಬುಡಸಮೇತ ಬರುವುದರಿಂದ ಮೂರು ನಾಲ್ಕು ವಾರ ನಿಶ್ಚಿಂತೆ ಎಂಬುದು ಇದರ ಆಕರ್ಷಣೆ. ಆದರೆ ಮೇಣವು ಕೂದಲಿನೊಡನೆ ಚರ್ಮದ ಮೇಲ್ಪದರವನ್ನೂ ಕಿತ್ತು ತರುತ್ತದೆ. ಮೊಡವೆಗೆಂದು ಟ್ರೆಟಿನಾಯಿನ್, ಅಡಾಪಲೀನ್ ಮುಲಾಮು ಹಚ್ಚುತ್ತಿರುವವರ ಅಥವಾ ಐಸೊಟ್ರೆಟಿನಾಯಿನ್ ಗುಳಿಗೆ ನುಂಗುತ್ತಿರುವವರ ಚರ್ಮ ತೆಳುವಾಗಿರುತ್ತದೆ. ಅಂತಹವರ ಮುಖಕ್ಕೆ ಮೇಣ ಹಾಕಿದರೆ ಸಿಪ್ಪೆಯಂತೆ ಸುಲಿದು ಬರುವುದುಂಟು. ಗುಳಿಗೆ ನಿಲ್ಲಿಸಿದ ಮೇಲೂ ವೈದ್ಯರು ಒಪ್ಪುವ ತನಕ ಕಾಯಬೇಕು. ಗಾಯ ಬೇಗ ಮಾಯದ ಮಧುಮೇಹಿಗಳು ಈ ಗೋಜಿಗೇ ಹೋಗದಿರುವುದು ಕ್ಷೇಮ. ಹುಬ್ಬು ಮತ್ತು ಮೇಲ್ದುಟಿಗೆ ಮಾಡುವ ದಾರದ ಥ್ರೆಡಿಂಗ್ ಇದಕ್ಕಿಂತ ಸೌಮ್ಯವೇ. ಆದರೂ ನರುಳ್ಳೆ ಇರುವ ಜಾಗದಲ್ಲಿ ದಾರ ಆಡಿಸಿದರೆ ಅದು ಸಾಲಾಗಿ ಹರಡುತ್ತದೆ. ತೊನ್ನು ಇರುವವರಿಗೆ ಕೀಳುವ ಗಾಯದ ಜಾಗದಲ್ಲೇ ಹೊಸ ಬಿಳಿ ಮಚ್ಚೆ ಮೂಡಬಹುದು. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಪದ್ಧತಿಯನ್ನು ನಮ್ಮ ಪಾರ್ಲರಿನ ಸೋದರಿಯರು ಕೈಬಿಡಬೇಕು.

ಕೂದಲನ್ನು ಕರಗಿಸುವ ಲೇಪಗಳು ನವನಾಗರಿಕತೆಯ ಸೃಷ್ಟಿಯೆಂದು ಯಾರೂ ತಿಳಿಯಬೇಕಾಗಿಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ಹುಣ್ಣು ಮಾಯಲು ಅಡ್ಡಿಯಾಗುವ ಕೂದಲನ್ನು ತೆಗೆಯುವ ಸಂದರ್ಭದಲ್ಲಿ, ಶಂಖದ ಪುಡಿ ಮತ್ತು ಹರಿತಾಳವನ್ನು ಹುಳಿಯಲ್ಲಿ ಅರೆದು ಹಚ್ಚುವ ಯೋಗವಿದೆ. ಹರಿತಾಳವೆಂದರೆ ಗಂಧಕ ಮತ್ತು ಆರ್ಸೆನಿಕ್ ಕೂಡಿದ ಖನಿಜ, ಅಂದರೆ ಪಾಷಾಣದ ಬಂಧು. ಇಂದು ಯಾರೂ ಮನೆಯಲ್ಲಿ ಇದನ್ನು ಪ್ರಯೋಗಿಸಬಾರದು. ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಂಡದ್ದು ಬೇರೊಂದು ಸಂಗತಿ. ಅಲ್ಲಿ ಲೇಪಕ್ಕಿಂತ ಮೊದಲು ಹೇಳಿರುವುದು ಕ್ಷೌರದ ಕತ್ತಿ, ಕತ್ತರಿ, ಚಿಮಟಗಳನ್ನು.

ಇಂದಿನ ಕ್ರೀಮುಗಳಲ್ಲಿ ಆರ್ಸೆನಿಕ್ ಇಲ್ಲ, ಥಯೋಗ್ಲೈಕೋಲಿಕ್ ಆಮ್ಲದ ಲವಣಗಳಿವೆ. ಕೂದಲಿಗೆ ಗಟ್ಟಿತನ ಕೊಡುವ ಗಂಧಕದ ಬೆಸುಗೆಗಳನ್ನು ಅವು ಬಿಡಿಸುತ್ತವೆ. ಹಾಗೆ ಬಿಡಿಸಲು ಬಲವಾದ ಕ್ಷಾರ ಬೇಕು. ಚರ್ಮದ ಸಹಜ ಪಿಎಚ್ 5ರ ಆಸುಪಾಸಿನಲ್ಲಿದ್ದರೆ ಈ ಕ್ರೀಮುಗಳದ್ದು 12ರ ಹತ್ತಿರ. ಕೂದಲೂ ಚರ್ಮದ ಮೇಲ್ಪದರವೂ ಕೆರಾಟಿನ್ ಎಂಬ ಒಂದೇ ವಸ್ತುವಿನಿಂದಾದವು. ಕೂದಲನ್ನು ಕರಗಿಸುವುದು ಚರ್ಮವನ್ನು ಮುಟ್ಟದೆ ಬಿಡುವುದಿಲ್ಲ. ಬಳಸಲೇಬೇಕೆನ್ನುವವರು ಮುಂಗೈಯ ಒಳಭಾಗದಲ್ಲಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟೇ ನಿಮಿಷ ಬಿಟ್ಟು ತೊಳೆದು, ಒಂದು ದಿನ ಪೂರ್ತಿ ಕಾಯಬೇಕು. ಇಸುಬು ಇರುವ ಚರ್ಮಕ್ಕೆ ಇದು ಸಲ್ಲ. ಸಂತೆಯಲ್ಲಿ, ಸಣ್ಣ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ, ಕೊಳೆತ ಮೊಟ್ಟೆಯ ವಾಸನೆಯ ಕೂದಲು ನಿವಾರಕ ಪುಡಿಗಳು ಇನ್ನೂ ಅಪಾಯಕರ. ಇವುಗಳಲ್ಲಿ ಬೇರಿಯಂ ಸಲ್ಫೈಡ್ ಇರುತ್ತದೆ. ಹೊಟ್ಟೆಗೆ ಹೋದರೆ ರಕ್ತದ ಪೊಟ್ಯಾಸಿಯಂ ಕುಸಿದು ಕೈಕಾಲು ಸ್ವಾಧೀನ ತಪ್ಪಿ, ಉಸಿರೂ ನಿಲ್ಲಬಹುದು. ಮಕ್ಕಳಿರುವ ಮನೆಯಲ್ಲಿ ಈ ಪೊಟ್ಟಣಕ್ಕೆ ಜಾಗವಿರಕೂಡದು.

ಕೂದಲು ತೆಗೆದ ಮೇಲೆ ಏಳುವ ಉರಿಗೆ ನಮ್ಮವರು ಮಾಡಿಕೊಳ್ಳುವ ಉಪಚಾರ ಕೆಲವೊಮ್ಮೆ ಮೂಲ ತೊಂದರೆಗಿಂತ ದೊಡ್ಡದು. ಔಷಧದಂಗಡಿಗೆ ಹೋಗಿ 'ಮುಖ ಉರಿಯುತ್ತದೆ, ಕಪ್ಪಾಗಿದೆ, ಒಂದು ಟ್ಯೂಬು ಕೊಡಿ' ಎಂದರೆ ಸಿಗುವುದು ಬಹುಪಾಲು ಬೆಟಾಮೆಥಾಸೋನ್ ಇಲ್ಲವೇ ಕ್ಲೊಬೆಟಾಸಾಲ್ ಬೆರೆತ ಮುಲಾಮು. ಇವು ಸ್ಟಿರಾಯ್ಡುಗಳು. ಎರಡೇ ದಿನಗಳಲ್ಲಿ ಮುಖ ತಿಳಿಯಾಗಿ, ಬೆಳ್ಳಗೂ ಆಗುವುದರಿಂದ ಹುಡುಗಿ ಅದನ್ನೇ ದಿನವೂ ಹಚ್ಚತೊಡಗುತ್ತಾಳೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ, ಕೆಂಪು ನರಗಳು ಕಾಣಿಸಿಕೊಂಡು, ಬಿಸಿಲಿಗೆ ಮುಖವೊಡ್ಡಲಾಗದಂತಾಗುತ್ತದೆ. ಹಚ್ಚುವುದನ್ನು ಬಿಟ್ಟರೆ ಉರಿ ಇಮ್ಮಡಿಸುತ್ತದೆ. ಎಲ್ಲಕ್ಕಿಂತ ಕ್ರೂರವಾದುದೆಂದರೆ, ಅದೇ ಮುಲಾಮಿನಿಂದ ಮುಖದ ಮೇಲೆ ಹೊಸದಾಗಿ ಕೂದಲು ಬೆಳೆಯುತ್ತದೆ. ಅದನ್ನು ತೆಗೆಸಲು ಮತ್ತೆ ಪಾರ್ಲರು, ಮತ್ತೆ ಉರಿ, ಮತ್ತೆ ಅದೇ ಟ್ಯೂಬು. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ 14 ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಲಾಗದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಕಾಯಿದೆ ಪುಸ್ತಕದಲ್ಲಿದೆ, ಟ್ಯೂಬು ಮನೆಯ ಕನ್ನಡಿಯ ಮುಂದಿದೆ. ಭಕ್ತರಲ್ಲಿ ಔಷಧದಂಗಡಿ ನಡೆಸುವವರು ಅನೇಕರಿದ್ದಾರೆ. ಚೀಟಿಯಿಲ್ಲದೆ ಇದನ್ನು ಕೊಡುವುದಿಲ್ಲವೆಂದು ಅವರು ನಿರ್ಧರಿಸಿದರೆ, ಅದು ಎಷ್ಟೋ ಆರೋಗ್ಯ ಶಿಬಿರಗಳಿಗೆ ಸಮನಾದ ಕೆಲಸವಾದೀತು.

ಕೂದಲು ತೆಗೆಯುವುದಕ್ಕೆ ಮೊದಲು ಅದು ಏಕೆ ಬಂದಿತೆಂದು ಕೇಳಬೇಕಾದ ಸಂದರ್ಭಗಳೂ ಉಂಟು. ಗದ್ದ, ಮೇಲ್ದುಟಿ, ಎದೆ, ಕಿಬ್ಬೊಟ್ಟೆಗಳ ಮೇಲೆ ಒರಟು ಕರಿಗೂದಲು ಬೆಳೆಯುತ್ತಿದ್ದು, ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದು, ಮೊಡವೆಗಳಿದ್ದು, ತೂಕ ಏರಿ, ಕತ್ತಿನ ಹಿಂಭಾಗ ಕಪ್ಪಗೆ ದಪ್ಪಗಾಗಿದ್ದರೆ ಅದು ಅಂಡಾಶಯದ ಪಿಸಿಒಎಸ್ ಎಂಬ ತೊಂದರೆಯಿರಬಹುದು. ಅದಕ್ಕೆ ಸ್ತ್ರೀರೋಗ ತಜ್ಞರನ್ನು ಕಾಣಬೇಕೇ ಹೊರತು ಪಾರ್ಲರನ್ನಲ್ಲ. ಸಕ್ಕರೆ ಕಾಯಿಲೆ ಮುಂದೆ ಬರುವ ಸಂಭವವೂ ಇಂತಹವರಲ್ಲಿ ಹೆಚ್ಚು. ಔಷಧ ಆರಂಭಿಸಿದರೂ ಕೂದಲಿನಲ್ಲಿ ಬದಲಾವಣೆ ಕಾಣಲು ಆರು ತಿಂಗಳಾದರೂ ಬೇಕು, ತಾಯಂದಿರು ತಾಳ್ಮೆಗೆಡಬಾರದು. ಕೆಲವೇ ತಿಂಗಳುಗಳಲ್ಲಿ ಕೂದಲು ವೇಗವಾಗಿ ಬೆಳೆದು ದನಿಯೂ ಒಡೆದರೆ ತಡಮಾಡದೆ ತೋರಿಸಬೇಕು, ಗೆಡ್ಡೆಯ ಸಾಧ್ಯತೆಯಿರುತ್ತದೆ. ಹೆಣ್ಣು ನೋಡಲು ಬಂದವರು ಮೀಸೆಯ ಮಾತೆತ್ತಿ ನಗುವುದನ್ನು ಮಾತ್ರ ಯಾವ ಔಷಧವೂ ವಾಸಿಮಾಡಲಾರದು. ಅದನ್ನು ಆ ಮನೆಯ ಹಿರಿಯರೇ ತಡೆಯಬೇಕು.

ಲೇಸರ್ ಬೇಕೆನ್ನುವವರು ಒಂದು ಮಾತನ್ನು ಅರಿತಿರಲಿ. ಲೇಸರ್ ಕಿರಣವನ್ನು ಹೀರುವುದು ಕೂದಲಿನ ಕಪ್ಪು. ನಮ್ಮ ಚರ್ಮದಲ್ಲೂ ಅದೇ ಕಪ್ಪು ಇದೆ. ಆದ್ದರಿಂದ ಯಂತ್ರ ಮತ್ತು ಕೈ ಎರಡೂ ಸರಿಯಿಲ್ಲದಿದ್ದರೆ ಸುಟ್ಟ ಕಲೆ ಖಂಡಿತ. ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರಿನ ಎನ್‌ಡಿ ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಹಲವು ಸಲ, ವಾರಗಳ ಅಂತರದಲ್ಲಿ ಮಾಡಿಸಬೇಕಾಗುತ್ತದೆ. ಕೂದಲು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಮುಖದ ಅಂಚಿನಲ್ಲಿ ಕೆಲವೊಮ್ಮೆ ಕೂದಲು ಹೆಚ್ಚುವುದೂ ಉಂಟು. 1997ರಲ್ಲಿ ಜಿಲ್ಲೆ ಬೇರೆಯಾದರೂ ನ್ಯಾಮತಿಯವರಿಗೆ ಇಂದಿಗೂ ಶಿವಮೊಗ್ಗವೇ ಹತ್ತಿರ, ಜಗಳೂರಿನವರು ದಾವಣಗೆರೆಗೆ ಹೋಗುತ್ತಾರೆ. ಎಲ್ಲಿಗೇ ಹೋದರೂ ಚರ್ಮರೋಗ ತಜ್ಞರ ಬಳಿಯೇ ಮಾಡಿಸಬೇಕು.

ಕ್ಷೌರದ ಪರವಾಗಿ ಇಷ್ಟು ಹೇಳಿದ ಮೇಲೆ ಅದು ಸಲ್ಲದ ಒಂದು ಸಂದರ್ಭವನ್ನೂ ಹೇಳಬೇಕು. ಹೆರಿಗೆಗೆ ಅಥವಾ ಶಸ್ತ್ರಚಿಕಿತ್ಸೆಗೆ ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿಯೇ ಬ್ಲೇಡಿನಿಂದ ಕೂದಲು ಬೋಳಿಸುವ ರೂಢಿ ನಮ್ಮಲ್ಲಿದೆ. ಬ್ಲೇಡು ಮಾಡುವ ಕಣ್ಣಿಗೆ ಕಾಣದ ಗೀರುಗಳಲ್ಲಿ ರಾತ್ರಿಯಿಡೀ ರೋಗಾಣುಗಳು ಬೆಳೆದು, ಶಸ್ತ್ರಚಿಕಿತ್ಸೆಯ ಗಾಯ ಕೀವಾಗುವ ಸಂಭವ ಹೆಚ್ಚುತ್ತದೆ. ಸಹಜ ಹೆರಿಗೆಗೆ ಕೂದಲು ಬೋಳಿಸುವುದು ವಾಡಿಕೆಯಾಗಬೇಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಶಸ್ತ್ರಚಿಕಿತ್ಸೆಗೆ ತೀರ ಅಗತ್ಯವಿದ್ದರೆ ಆಸ್ಪತ್ರೆಯವರೇ ಯಂತ್ರದಿಂದ ಕತ್ತರಿಸುತ್ತಾರೆ. ಗರ್ಭಿಣಿಯರಿರುವ ಮನೆಯ ಅತ್ತೆಯಂದಿರು, ತಾಯಂದಿರು ಈ ಕೆಲಸವನ್ನು ಅವರಿಗೇ ಬಿಡಲಿ.