ಹೂಮಳೆಯ ಕಾಲವೂ ತೋಟದ ನೆರಳೂ

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರು ಬರೆದುದು)

ಮಾಘ ಕಳೆದು ಫಾಲ್ಗುಣ ಮಾಸವು ಕಾಲಿಡುವ ಹೊತ್ತಿಗೆ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಗಳ ಕಾಫಿ ತೋಟಗಾರರಿಗೆ ಕೊಂಚ ವಿರಾಮ ದೊರೆಯುವುದು. ಕೊಯಿಲು ಮುಗಿದು, ಕಣದಲ್ಲಿ ಒಣಗಿದ ಕಾಫಿಯು ಮೂಟೆ ಸೇರಿರುವುದು. ಹಾಲುವಾಣವೂ ಬೂರುಗವೂ ಎಲೆಯುದುರಿಸಿ ಕೆಂಪು ಹೂವನ್ನು ತಳೆದಿರುವುವು; ಕುಟ್ರಹಕ್ಕಿಯ ಕೂಗು ಹಗಲೆಲ್ಲ ಕೇಳುತ್ತಿರುವುದು. ಎಲ್ಲರ ದೃಷ್ಟಿಯೂ ಆಕಾಶದ ಕಡೆಗೆ. ಒಂದರಿಂದ ಒಂದೂವರೆ ಅಂಗುಲದ ಹೂಮಳೆಯು ಬಿದ್ದಲ್ಲಿ ಎಂಟು ಹತ್ತು ದಿನಗಳೊಳಗಾಗಿ ತೋಟವೆಲ್ಲ ಬೆಳ್ಳಗೆ ಅರಳುವುದು. ವರ್ಷದ ಫಸಲಿನ ಹಣೆಬರಹವು ಈ ಕೆಲವೇ ದಿನಗಳಲ್ಲಿ ಬರೆಯಲ್ಪಡುವುದೆಂದರೆ ತಪ್ಪಾಗಲಾರದು.

ಆದರೆ ತೋಟದ ಮರಗಳಿಗೆ ಕೊಡಲಿ ಬೀಳುವುದೂ ಬಹುಮಟ್ಟಿಗೆ ಈ ವಿರಾಮದ ದಿನಗಳಲ್ಲಿಯೇ. ಹಲಸು, ಅತ್ತಿ, ಬಸರಿ, ನೇರಳೆ, ಮತ್ತಿ, ನಂದಿ ಮುಂತಾದ ಕಾಡುಮರಗಳು ಒಂದೊಂದಾಗಿ ಹೋಗಿ, ಅವುಗಳ ಸ್ಥಳದಲ್ಲಿ ಸಿಲ್ವರ್ ಮರವೊಂದೇ ಸಾಲುಸಾಲಾಗಿ ನಿಲ್ಲುತ್ತಿರುವುದನ್ನು ಸಂಚಾರ ಮಾಡುವವರೆಲ್ಲರೂ ಕಾಣುತ್ತಿದ್ದಾರೆ. ಈ ಬದಲಾವಣೆಯು ತೋಟಗಾರರ ಹಿತಕ್ಕೇ ವಿರುದ್ಧವಾದುದೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮರ ಕಡಿಯುವವರ ವಾದವನ್ನು ಮೊದಲು ಕೇಳುವುದು ನ್ಯಾಯ. 2024 ಮತ್ತು 2025ನೆಯ ಇಸವಿಗಳಲ್ಲಿ ಕಾಫಿಯ ಬೆಲೆಯು ಹಿಂದೆಂದೂ ಇಲ್ಲದಷ್ಟು ಏರಿತು. ನೆರಳು ತೆಗೆದಷ್ಟೂ ಗಿಡವು ಹೆಚ್ಚು ಕಾಯಿ ಕಚ್ಚುವುದೆಂಬ ನಂಬಿಕೆ ಬಲವಾಯಿತು. ಸಿಲ್ವರ್ ಮರವು ಬೇಗ ಬೆಳೆಯುವುದು, ನೆಟ್ಟಗೆ ಏರಿ ಮೆಣಸಿನ ಬಳ್ಳಿಗೆ ಆಸರೆ ಕೊಡುವುದು. ಮೇಲಾಗಿ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ತನ್ನ ಜಮೀನಿನ ಕಾಡುಮರವನ್ನು ಕಡಿಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಸಿಲ್ವರ್ ಮರಕ್ಕೆ ಆ ಕಟ್ಟು ಇಲ್ಲ. ಮಗಳ ಮದುವೆಗೋ ಸಾಲದ ಕಂತಿಗೋ ಹಣ ಬೇಕಾದಾಗ ಸುಲಭವಾಗಿ ಮಾರಬಹುದಾದ ಮರವನ್ನೇ ಸಣ್ಣ ಹಿಡುವಳಿದಾರನು ನೆಟ್ಟರೆ ಅವನನ್ನು ದೂರುವಂತಿಲ್ಲ. ಕಾಡುಮರವನ್ನು ತಾನೇ ನೆಟ್ಟು ಬೆಳೆಸಿದವನಿಗೆ, ಅದು ಬಲಿತ ಮೇಲೆ, ಅಪ್ಪಣೆಯು ಅಲೆದಾಟವಿಲ್ಲದೆ ದೊರೆಯುವಂತಾದರೆ, ಕಾಡುಮರ ನೆಡುವವರ ಸಂಖ್ಯೆ ತಾನಾಗಿಯೇ ಹೆಚ್ಚುವುದು. ಸರ್ಕಾರವು ಈ ವಿಷಯವನ್ನು ಆಲೋಚಿಸತಕ್ಕದ್ದೆಂದು ವಿನಯದಿಂದ ಸೂಚಿಸುತ್ತೇನೆ.

ಆದರೂ ಲಾಭದ ಲೆಕ್ಕವನ್ನು ಪೂರ್ತಿಯಾಗಿ ಮಾಡಬೇಕು. ಬಾಬಾ ಬುಡನ್ ಅವರು ಹದಿನೇಳನೆಯ ಶತಮಾನದಲ್ಲಿ ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪ್ರತೀತಿ. ಅಂದಿನಿಂದ ನಮ್ಮ ಕಾಫಿಯು ಕಾಡಿನ ನೆರಳಿನಲ್ಲಿಯೇ ಬೆಳೆದು ಬಂದಿದೆ. ಈ ನೆರಳಿನ ಬೆಲೆಯು ಅರೇಬಿಕಾ ಬೆಳೆಯುವವನಿಗೆ ಬಿಳಿ ಕಾಂಡಕೊರಕದ ರೂಪದಲ್ಲಿ ತಿಳಿಯುವುದು. ಈ ಕೀಟದ ದುಂಬಿಗಳು ಏಪ್ರಿಲ್–ಮೇ ತಿಂಗಳುಗಳಲ್ಲಿಯೂ, ಅಕ್ಟೋಬರಿನಿಂದ ಡಿಸೆಂಬರಿನ ವರೆಗೂ ಹೊರಬಿದ್ದು ಹಾರುತ್ತವೆ. ಬಿಸಿಲು ಬೀಳುವ ಕಾಂಡವೇ ಅವಕ್ಕೆ ಪ್ರಿಯ. ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಟ್ಟರೆ ಮರಿಹುಳುವು ಒಳಹೊಕ್ಕು ಕಾಂಡವನ್ನು ಸುರಂಗ ಮಾಡುತ್ತದೆ. ಎಳೆಯ ಗಿಡವು ಸಾಯುತ್ತದೆ, ಬಲಿತ ಗಿಡವು ಸೊರಗುತ್ತದೆ. ಫೆಬ್ರವರಿಯಲ್ಲಿ ಮರ ಕಡಿದು ಬಿಸಿಲು ಬಿಟ್ಟುಕೊಂಡವನು ಏಪ್ರಿಲ್ ತಿಂಗಳಿನ ದುಂಬಿಗೆ ತಾನೇ ಬಾಗಿಲು ತೆರೆದಂತಾಯಿತು. ಮಾರ್ಚಿಯಲ್ಲಿ ಗಿಡಗಿಡವನ್ನೂ ಪರೀಕ್ಷಿಸಿ, ಕೊರಕ ಹೊಕ್ಕ ಗಿಡಗಳನ್ನು ಬುಡಸಹಿತ ಕಿತ್ತು ಸುಡತಕ್ಕದ್ದು. ಇದರೊಂದಿಗೆ ನೆರಳನ್ನು ಕಾಯದಿದ್ದರೆ ಈ ಕೆಲಸಕ್ಕೆ ಕೊನೆಯೇ ಇರಲಾರದು.

ರೊಬಸ್ಟ ಬೆಳೆಯುವವರಿಗೆ ಕೊರಕದ ಭಯ ಕಡಮೆ. ಆದರೆ ಅವರಿಗೆ ಜೇನಿನ ಹಂಗು ಹೆಚ್ಚು. ಅರೇಬಿಕಾದ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೊಬಸ್ಟಕ್ಕೆ ಬೇರೆ ಗಿಡದ ಪರಾಗವೇ ಬೇಕು. ಅದನ್ನು ತರುವವು ಗಾಳಿ ಮತ್ತು ಜೇನು. ಕೊಡಗಿನ ತೋಟಗಳಲ್ಲಿ ನಡೆದ ಪರಿಶೀಲನೆಗಳಲ್ಲಿ ರೊಬಸ್ಟ ಹೂವಿಗೆ ಮುಖ್ಯವಾಗಿ ಬರುವುದು ಹೆಜ್ಜೇನೆಂದು ಕಂಡುಬಂದಿದೆ. ಹೆಜ್ಜೇನು ಪೆಟ್ಟಿಗೆಯಲ್ಲಿ ನಿಲ್ಲುವ ಪ್ರಾಣಿಯಲ್ಲ. ಎತ್ತರವಾದ, ವಿಶಾಲವಾದ ಕೊಂಬೆಗಳುಳ್ಳ ಮುದಿಮರಗಳೇ ಅದರ ಮನೆ. ಅಂಥ ಮರವನ್ನು ಕಡಿದವನು ಕೂಲಿ ಬೇಡದ ಸಾವಿರಾರು ಆಳುಗಳನ್ನು ಕೆಲಸದ ದಿನವೇ ಹೊರಗಟ್ಟಿದಂತೆ.

ತುಡುವೆ ಜೇನನ್ನಾದರೋ ಮನೆಯ ಹಿತ್ತಿಲಲ್ಲಿಯೇ ಸಾಕಬಹುದು. ಈ ಕಸುಬು ಇಲ್ಲಿಗೆ ಹೊಸದಲ್ಲ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ (1980) ಅಲ್ಲಿನ ಜೇನು ಸೊಸೈಟಿಯು ಬರುವುದನ್ನು ಅನೇಕರು ಓದಿರಬಹುದು. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗವು ದಕ್ಷಿಣ ದೇಶದ ತುಡುವೆ ಸಂಸಾರಗಳನ್ನು ಬಹಳವಾಗಿ ಹಾಳುಮಾಡಿತು. ಆಗ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದವರು ಮತ್ತೆ ಕೆಳಗಿಳಿಸುವುದು ಒಳ್ಳೆಯದು. ಹಿತ್ತಿಲಿನ ಕುಂಬಳ, ಸೌತೆ, ಹೀರೆ, ಹಾಗಲ ಬಳ್ಳಿಗಳಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಜೇನು ಸುಳಿಯದ ಹಿತ್ತಿಲಿನಲ್ಲಿ ಎಳೆಗಾಯಿಯು ಹಳದಿಯಾಗಿ ಉದುರುವುದಕ್ಕೆ ಗೃಹಿಣಿಯರು ನೀರನ್ನೂ ಗೊಬ್ಬರವನ್ನೂ ದೂರಿ ಫಲವಿಲ್ಲ. ಏಲಕ್ಕಿಯ ಹೂವಿಗೂ ಜೇನೇ ಆಧಾರ. ಆದುದರಿಂದ ಹೂವು ಬಿರಿದಿರುವ ದಿನಗಳಲ್ಲಿ ತೋಟಕ್ಕಾಗಲಿ ಹಿತ್ತಿಲಿಗಾಗಲಿ ಕೀಟನಾಶಕವನ್ನು ಎಂದಿಗೂ ಸಿಂಪಡಿಸಕೂಡದು. ಸಿಲ್ವರ್ ಮರದ ಹೂವಿಗೂ ಜೇನು ಬರುವುದು ನಿಜ. ಆದರೆ ಒಂದೇ ಜಾತಿಯ ಮರ, ಒಂದೇ ಕಾಲದ ಹೂವು. ಜೇನಿಗೆ ವರ್ಷವೆಲ್ಲ ಹೊಟ್ಟೆಯುಂಟು.

ಇನ್ನು ಹಕ್ಕಿಗಳ ವಿಷಯ. ವಸಂತವು ಅವುಗಳ ಬಾಣಂತನದ ಕಾಲ. ಮಂಗಟ್ಟೆಯ ಹೆಣ್ಣು ಮುದಿಮರದ ಪೊಟರೆಯನ್ನು ಹೊಕ್ಕು, ಬಾಯನ್ನು ಮೆತ್ತಿ ಮುಚ್ಚಿ, ಕೊಕ್ಕು ತೂರುವಷ್ಟೇ ಸಂದಿಯನ್ನು ಬಿಟ್ಟುಕೊಂಡು ವಾರಗಟ್ಟಲೆ ಒಳಗೇ ಇರುತ್ತದೆ. ಗಂಡು ಅತ್ತಿ, ಬಸರಿ ಹಣ್ಣುಗಳನ್ನು ತಂದು ಆ ಸಂದಿಯಿಂದ ಉಣಿಸುತ್ತದೆ. ಮಾರ್ಚಿಯಲ್ಲಿ ಅಂಥ ಮರವನ್ನು ಉರುಳಿಸಿದರೆ ತಾಯಿ ಮರಿಗಳೆರಡೂ ಹೋದಂತೆ. ಅತ್ತಿಯನ್ನು ಕಡಿದರೆ ಮರ ನಿಂತಿದ್ದರೂ ಉಪವಾಸ. ಈ ಹಕ್ಕಿಗಳೇ ಬೀಜವನ್ನು ಚೆಲ್ಲಿ ನಮ್ಮ ಕಾಡುಮರಗಳನ್ನು ಪುಕ್ಕಟೆಯಾಗಿ ನೆಡುವ ಮಾಲಿಗಳು. ಪೊಟರೆಯುಳ್ಳ ಮರವು ನಾಟಕ್ಕೆ ಬೆಲೆ ಬಾಳದು. ಅದನ್ನು ಉಳಿಸಿದರೆ ನಷ್ಟವೂ ಇಲ್ಲ.

ಹಲಸಿನ ಮಾತು ಬಂದಾಗ ಮೂಡಿಗೆರೆ, ಆಲ್ದೂರು ಕಡೆಯವರು ಆನೆಯ ಹೆಸರನ್ನು ಎತ್ತುವರು. ಅವರ ಭಯವು ಹುಸಿಯಲ್ಲ. ಆ ಭಾಗದಲ್ಲಿ ಆನೆಯಿಂದ ಪ್ರಾಣಹಾನಿಯೂ ಆಗಿದೆ. ಹಾಗೆಂದು ಹಲಸನ್ನೆಲ್ಲ ಕಡಿದರೆ ಆನೆಯು ಬಾಳೆಗೂ ಭತ್ತಕ್ಕೂ ಬರದೆ ಇರುವುದೇ? ಲೈನುಮನೆಗಳ, ದಾರಿಗಳ, ಶಾಲೆಗಳ ಹತ್ತಿರದ ಹಲಸನ್ನು ಎಳೆಗಾಯಿಯಾಗಿರುವಾಗಲೇ ಕೊಯ್ದು ಪಲ್ಯಕ್ಕೆ, ಹಪ್ಪಳಕ್ಕೆ, ಸಂತೆಗೆ ಉಪಯೋಗಿಸತಕ್ಕದ್ದು. ಹಣ್ಣಿನ ವಾಸನೆ ಇಲ್ಲದಲ್ಲಿ ಆನೆಗೆ ಆಕರ್ಷಣೆ ಕಡಮೆ, ಮರವೂ ಉಳಿಯುವುದು.

ಸಾಕುಪ್ರಾಣಿಗಳಿಗೂ ಈ ವಿಷಯಕ್ಕೂ ಸಂಬಂಧವುಂಟು. ನಾಯಿಯಿಲ್ಲದ ತೋಟದ ಮನೆಯನ್ನು ಮಲೆನಾಡಿನಲ್ಲಿ ಊಹಿಸುವುದೇ ಕಷ್ಟ. ಆದರೆ ಕಾಡುಕೋಳಿಯು ನೆಲದಲ್ಲಿ ಮೊಟ್ಟೆಗೆ ಕೂತಿರುವ ಈ ತಿಂಗಳುಗಳಲ್ಲಿ ನಾಯಿಗಳನ್ನು ಹಿಂಡಾಗಿ ಅಲೆಯಬಿಡುವುದು ಸರಿಯಲ್ಲ. ರಾತ್ರಿ ಅಂಗಳದಲ್ಲಿ ಬಿಟ್ಟ ನಾಯಿಯು ಚಿರತೆಯನ್ನು ಮನೆಯ ಬಾಗಿಲಿಗೇ ಕರೆತರುವುದು. ನಾಯಿಯನ್ನು ಒಳಗೆ ಕಟ್ಟುವುದು ನಾಯಿಗೂ ಮಕ್ಕಳಿಗೂ ಕ್ಷೇಮ. ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ವರ್ಷಕ್ಕೊಮ್ಮೆ ತಪ್ಪದೆ ಹಾಕಿಸತಕ್ಕದ್ದು. ಹಂದಿಗೆಂದು ಬೇಲಿಯಲ್ಲಿ ಉರುಲು ಒಡ್ಡುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧ. ಆ ಉರುಲಿಗೆ ತನ್ನ ನಾಯಿಯೇ ಸಿಕ್ಕುವುದೂ ಉಂಟು.

ದನಗಳ ಮೈಯ ಉಣುಗನ್ನು ಈ ಕಾಲದಲ್ಲಿ ಮುಖ್ಯವಾಗಿ ನೋಡಿಕೊಳ್ಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣುಗಿನ ಕಡಿತದಿಂದ ಹರಡುವುದು. ಡಿಸೆಂಬರಿನಿಂದ ಮೇ ವರೆಗೆ ಅದರ ಹಾವಳಿ. ನಮ್ಮ ಜಿಲ್ಲೆಯ ಮಲೆನಾಡಿನಲ್ಲಿಯೂ ಅದು ಕಾಣಿಸಿಕೊಂಡಿದೆ. ತೋಟದಲ್ಲಿ ಮಂಗವು ಸತ್ತುಬಿದ್ದಿದ್ದರೆ ಮುಟ್ಟದೆ, ಕೂಡಲೇ ಆರೋಗ್ಯ ಇಲಾಖೆಯವರಿಗೆ ತಿಳಿಸತಕ್ಕದ್ದು. ತರಗೆಲೆ, ಸೊಪ್ಪು ತರಲು ಕಾಡಿಗೆ ಹೋಗುವ ಆಳುಗಳ ಮೈ ತುಂಬ ಬಟ್ಟೆಯಿರುವಂತೆಯೂ, ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡುವಂತೆಯೂ ಏರ್ಪಡಿಸುವುದು ಮಾಲೀಕರ ಕರ್ತವ್ಯ.

ಇಷ್ಟೆಲ್ಲ ಹೇಳಿದುದು ಮರಗಸಿ ಬೇಡವೆಂಬ ಅರ್ಥದಲ್ಲಿ ಅಲ್ಲ. ದಟ್ಟವಾದ ನೆರಳೂ ಕಾಫಿಗೆ ಹಿತವಲ್ಲ. ಕೊಂಬೆಗಳನ್ನು ತಕ್ಕಷ್ಟು ಸವರಿ ಬೆಳಕು ಹಂಚುವುದು ಒಳ್ಳೆಯ ಸಾಗುವಳಿಯ ಲಕ್ಷಣ. ಕೊಂಬೆ ಸವರುವುದು ಬೇರೆ, ಮರ ಕಡಿಯುವುದು ಬೇರೆ. ಸಿಲ್ವರ್ ಮರವೂ ಇರಲಿ. ಆದರೆ ಅದೊಂದೇ ಆಗುವುದು ಬೇಡ. ಇಂದು ಏರಿದ ಬೆಲೆ ನಾಳೆ ಇಳಿಯಬಹುದು; ಈ ಬೆಳೆಯ ಚರಿತ್ರೆಯಲ್ಲಿ ಅದು ಎಷ್ಟೋ ಸಲ ನಡೆದಿದೆ. ಇಳಿದ ಬೆಲೆಯು ಮತ್ತೆ ಏರುವುದೂ ಉಂಟು. ಆದರೆ ನೂರು ವರ್ಷದ ಅತ್ತಿಯನ್ನು ಒಂದು ಮಧ್ಯಾಹ್ನದಲ್ಲಿ ಉರುಳಿಸಿದ ಮೇಲೆ, ಅದನ್ನು ಮತ್ತೆ ನಿಲ್ಲಿಸಲು ಮೊಮ್ಮಕ್ಕಳ ಕಾಲವೂ ಸಾಲದು.

ಆದುದರಿಂದ ಈ ಸಾರಿ ರೇವತಿ, ಅಶ್ವಿನಿ ಮಳೆಗಳನ್ನು ಎದುರುನೋಡುವ ತೋಟಗಾರರು, ಕೊಡಲಿಯವನನ್ನು ಕರೆಸುವ ಮೊದಲು ಒಂದು ದಿನ ಬೆಳಗ್ಗೆ ತಮ್ಮ ತೋಟವನ್ನು ಸಾವಕಾಶವಾಗಿ ಸುತ್ತಿ, ಯಾವ ಮರದಲ್ಲಿ ಜೇನು ಕೂತಿದೆ, ಯಾವ ಪೊಟರೆಯಲ್ಲಿ ಹಕ್ಕಿ ಇದೆ, ಯಾವ ನೆರಳಿನ ಕೆಳಗೆ ಗಿಡವು ಕೊರಕವಿಲ್ಲದೆ ನಿಂತಿದೆ ಎಂದು ನೋಡಿ ಗುರುತು ಹಾಕಿಕೊಳ್ಳಲಿ. ಮಳೆಗಾಲದ ಮೊದಲಲ್ಲಿ ಎಕರೆಗೆ ನಾಲ್ಕಾರು ಕಾಡುಮರದ ಸಸಿಗಳನ್ನಾದರೂ ನೆಡಲಿ. ಇದಕ್ಕೆ ತಗಲುವ ಖರ್ಚು ಅಲ್ಪ. ಬರುವ ಫಲವು ತೋಟಕ್ಕೂ, ತೋಟವನ್ನು ನಂಬಿರುವ ಸಕಲ ಜೀವಿಗಳಿಗೂ ಸಲ್ಲುವುದು.